ಮೂರು ಪೆಟ್ಟಿಗೆ ರಬ್ಬರು

"ಒಂದೂ ಖರ್ಚಾಗಿಲ್ಲವಲ್ಲ ಟೀಚರ್!"

ಬೀರುವಿನ ಬಾಗಿಲನ್ನು ಎರಡೂ ಕೈಯಲ್ಲಿ ಹಿಡಿದುಕೊಂಡು ನಿರ್ದೇಶಕರು ಒಳಗೆ ಇಣುಕುತ್ತಿದ್ದರು. ಕೆಳಗಿನ ಅರೆಯಲ್ಲಿ ಮೂರು ರಟ್ಟಿನ ಪೆಟ್ಟಿಗೆಗಳು, ಬಂದ ದಿನ ಹೇಗಿದ್ದವೋ ಹಾಗೇ, ಅಂಟುಪಟ್ಟಿಯನ್ನೂ ಬಿಚ್ಚಿಸಿಕೊಳ್ಳದೆ ಕೂತಿದ್ದವು. ಮೇಲೆ ಕೆಂಪು ಅಕ್ಷರದಲ್ಲಿ ದಾನಿ ಕಂಪನಿಯ ಹೆಸರು, ಅದರ ಕೆಳಗೆ ಹಲ್ಲು ಬಿಟ್ಟು ನಗುವ ಪೆನ್ಸಿಲ್ಲಿನ ಚಿತ್ರ. ಮೂರು ಪೆಟ್ಟಿಗೆ ತುಂಬ ಅಕ್ಷರ ಅಳಿಸುವ ರಬ್ಬರು. ಅದೂ ಪರಿಮಳದ್ದು.

"ಖರ್ಚು ಮಾಡೋ ಪ್ರಸಂಗ ಬರಲಿಲ್ಲ ಸರ್," ಬೆಂಚುಗಳನ್ನು ಸಾಲಿಗೆ ಎಳೆಯುತ್ತಿದ್ದ ಟೀಚರ್ ಹೇಳಿದಳು.

"ಏನು ಹಾಗಂದ್ರೆ? ನಿಮ್ಮ ವಿದ್ಯಾರ್ಥಿಗಳು ತಪ್ಪೇ ಮಾಡಲ್ವಾ?"

"ರಾಶಿ ರಾಶಿ ಮಾಡ್ತಾರೆ ಸರ್."

ನಿರ್ದೇಶಕರು ಅವಳ ಮುಖ ನೋಡಿದರು. ಅವಳು ಬೆಂಚಿನ ಮುಖ ನೋಡಿದಳು. ಒಂದು ಕಾಲು ಗಿಡ್ಡವಾದ ಆ ಬೆಂಚು ಹೇಗೆ ಇಟ್ಟರೂ ಕುಂಟುತ್ತಿತ್ತು.

ಅದು ಮೊದಲು ಬಸ್ಸಿನ ಟಿಕೆಟ್ ಕೊಡುವ ಕೋಣೆಯಾಗಿತ್ತು. ಬಸ್ ನಿಲ್ದಾಣ ಊರಾಚೆಗೆ ಹೋದ ಮೇಲೆ ಖಾಲಿ ಬಿದ್ದಿದ್ದನ್ನು ಸಂಸ್ಥೆಯವರು ಬಾಡಿಗೆಗೆ ಹಿಡಿದು ದೊಡ್ಡವರ ಸಂಜೆ ಶಾಲೆ ತೆರೆದಿದ್ದರು. ಗಾಜಿನ ಕಿಂಡಿ ಈಗಲೂ ಇತ್ತು. ಮಾತಾಡಲು ಒಂದು ದುಂಡು ತೂತು, ಕೈ ತೂರಿಸಲು ಕೆಳಗೊಂದು ಅರ್ಧಚಂದ್ರ. ಬೋರ್ಡು ಓದಲಾಗದೆ ಆ ಕಿಂಡಿಯ ಹೊರಗೆ ನಿಂತು "ಇದು ಯಾವ ಕಡೆ ಹೋಗೋ ಬಸ್ಸಣ್ಣಾ" ಎಂದು ಕೇಳಿ ಬೈಸಿಕೊಂಡವರೇ ಈಗ ಒಳಗೆ ಕೂತು ಅಕ್ಷರ ತಿದ್ದುತ್ತಿದ್ದರು. ಸೇರಿದ ಮೊದಲ ದಿನ ಎಲ್ಲರೂ ಒಂದು ಸಲ ಕಿಂಡಿಯ ಹಿಂದೆ ನಿಂತು, ಬೈದವನ ಜಾಗದಿಂದ ಹೊರಗೆ ನೋಡುತ್ತಿದ್ದರು. ಅದಕ್ಕೆ ಯಾರ ಅಪ್ಪಣೆಯೂ ಬೇಕಿರಲಿಲ್ಲ.

ಆ ಶಾಲೆಯಲ್ಲಿ ರಬ್ಬರಿಗೆ ಪ್ರವೇಶವಿರಲಿಲ್ಲ. ಶುರುವಿನಲ್ಲಿ ಇತ್ತು, ಅದರಿಂದಲೇ ಟೀಚರ್ ಬುದ್ಧಿ ಕಲಿತಿದ್ದು. ಮಕ್ಕಳು ತಪ್ಪು ಬರೆದರೆ ನಗುತ್ತಾರೆ. ದೊಡ್ಡವರು ತಪ್ಪು ಬರೆದರೆ ಅಕ್ಕಪಕ್ಕ ನೋಡುತ್ತಾರೆ. ಒಂದಕ್ಷರ ಬರೆಯುವುದು, ಉಜ್ಜುವುದು, ಮತ್ತೆ ಬರೆಯುವುದು, ಮತ್ತೆ ಉಜ್ಜುವುದು. ಕೊನೆಗೆ ಹಾಳೆ ತೂತು. ಸಂಜೆಯಿಡೀ ಬೆವರು ಸುರಿಸಿ ಮನೆಗೆ ಒಯ್ಯುತ್ತಿದ್ದುದು ಏನೂ ಇಲ್ಲದ ಹಾಳೆ. ಒಂದು ದಿನ ಟೀಚರ್ ಎಲ್ಲರ ರಬ್ಬರೂ ಕಿತ್ತುಕೊಂಡಳು. ತಪ್ಪಾದರೆ ಅದರ ಮೇಲೆ ಒಂದೇ ಒಂದು ಗೆರೆ, ಕೆಳಗಿರುವುದು ಓದಲು ಬರುವ ಹಾಗೆ. ಪಕ್ಕದಲ್ಲಿ ಸರಿಯಾದದ್ದು. "ನಡೆದು ಬಂದ ದಾರಿ ಅದು, ಯಾಕೆ ಗುಡಿಸಿ ಹಾಕ್ತೀರಿ?" ಎನ್ನುವುದು ಅವಳ ಮಾತು.

ಇದಕ್ಕೆ ಎಲ್ಲರಿಗಿಂತ ಹೆಚ್ಚು ರಂಪ ಮಾಡಿದವಳು ಅವಳ ಸ್ವಂತ ಅತ್ತೆ. "ಊರವರಿಗೆಲ್ಲ ಕಲಿಸ್ತಾಳಂತೆ, ಮನೆಯವಳು ಏನು ಪಾಪ ಮಾಡಿದಾಳೆ?" ಎಂದು ತಾನಾಗಿ ಬಂದು ಮುಂದಿನ ಬೆಂಚಿನಲ್ಲಿ ಕೂತವಳು ಅವಳು. ಅತ್ತೆಗೊಂದು ಕಾಲ ಸೊಸೆಗೊಂದು ಕಾಲ ಅನ್ನುತ್ತಾರೆ. ಆ ಮನೆಯಲ್ಲಿ ಎರಡೂ ಕಾಲ ಒಂದೇ ದಿನದಲ್ಲಿ ಬರುತ್ತಿದ್ದವು. ಹಗಲು ಅತ್ತೆಯದು, ಸಂಜೆ ಸೊಸೆಯದು. ತರಗತಿಯ ಹೊಸ್ತಿಲು ದಾಟಿದ ಕೂಡಲೇ "ಏ ಹುಡುಗಿ" ಹೋಗಿ "ಮೇಡಂ" ಆಗುತ್ತಿತ್ತು, ಮನೆ ತಿರುವು ಬರುತ್ತಲೇ "ಮೇಡಂ" ಹೋಗಿ ಮತ್ತೆ "ಏ ಹುಡುಗಿ".

ಮನೆಯವರ ಬಗ್ಗೆ ಒಂದು ವಾಕ್ಯ ಬರೆಯಿರಿ ಎಂದಾಗ ಅತ್ತೆ ಬರೆದದ್ದು: ನನ್ನ ಸೊಸೆ ಕೆಟ್ಟವಳು. ಒಂದಕ್ಷರವೂ ತಪ್ಪಿರಲಿಲ್ಲ. ಟೀಚರ್ 'ಸರಿ' ಗುರುತು ಹಾಕಿದಳು, ಬೇರೇನು ಮಾಡಿಯಾಳು? ಎಷ್ಟೋ ತಿಂಗಳಾದ ಮೇಲೆ ಒಂದು ಸಂಜೆ ಅತ್ತೆ ಯಾರೂ ಹೇಳದೆ ಹಿಂದಿನ ಹಾಳೆಗೆ ಹೋಗಿ, 'ಕೆಟ್ಟವಳು' ಎಂಬುದರ ಮೇಲೆ ಒಂದು ಗೆರೆ ಎಳೆದು, ಪಕ್ಕದಲ್ಲಿ 'ಹಠಮಾರಿ' ಎಂದು ಬರೆದಳು. ಅಂದು ಮನೆಗೆ ಹೋಗುವ ದಾರಿಯುದ್ದಕ್ಕೂ ಸೊಸೆ ಎರಡು ಹೆಜ್ಜೆ ಮುಂದೆಯೇ ನಡೆದಳು. ತಿರುಗಿ ನೋಡಿದ್ದರೆ ಅತ್ತುಬಿಡುತ್ತಿದ್ದಳು.

ಆ ಹಾಳೆಯನ್ನೇ ನಡುವೆ ಇಟ್ಟುಕೊಂಡು ಅವಳು ಹಿಂದಿನ ವರ್ಷ ಸಾಕ್ಷರತಾ ಶಿಕ್ಷಣ ಸಮ್ಮೇಳನಕ್ಕೆ ಪ್ರಬಂಧ ಮಂಡನೆಯ ಪ್ರಸ್ತಾವನೆ ಬರೆದಿದ್ದಳು. ಒಪ್ಪಿಗೆಯೂ ಆಯಿತು. ಆದರೆ ಕಳಿಸಿದ್ದು ಸಂಸ್ಥೆಯ ಮೂಲಕವಾದ್ದರಿಂದ ಮಂಡಿಸುವವರ ಜಾಗದಲ್ಲಿ ನಿರ್ದೇಶಕರ ಹೆಸರೊಂದೇ ಇತ್ತು. ಅವರು ವೇದಿಕೆಯ ಮೇಲೆ, ಅವಳು ಮೂಲೆಯಲ್ಲಿ ಪರದೆಯ ಚಿತ್ರ ಬದಲಿಸುವ ಗುಂಡಿ ಒತ್ತುತ್ತ. ಮೊದಲ ಪುಟ ದಾಟಿ ನಿರ್ದೇಶಕರು ಏನನ್ನೂ ಓದಿರಲಿಲ್ಲ ಎಂಬುದು, ಸಭೆಯಲ್ಲಿ ಒಬ್ಬಾಕೆ ಎದ್ದು "ನಿಮ್ಮಲ್ಲಿ ರಬ್ಬರ್ ಯಾಕೆ ಕೊಡಲ್ಲ?" ಎಂದು ಕೇಳಿದಾಗ ಗೊತ್ತಾಯಿತು. ಅವರು ಎದೆಯ ಮೇಲೆ ಕೈಯಿಟ್ಟುಕೊಂಡರು. "ಏನು ಹೇಳಲಿ ತಾಯಿ, ನಮ್ಮ ಬಡವರಿಗೆ ಒಂದು ರಬ್ಬರಿಗೂ ಗತಿಯಿಲ್ಲ."

ಸಭೆ ಲೊಚಗುಟ್ಟಿತು. ಪೆನ್ಸಿಲು, ರಬ್ಬರು ತಯಾರಿಸುವ ಕಂಪನಿಯವನೊಬ್ಬ ಅಲ್ಲೇ ಎದ್ದು ದಾನ ಘೋಷಿಸಿದ. ಚಪ್ಪಾಳೆ. ಕೋಣನ ಮುಂದೆ ಕಿನ್ನರಿ ಬಾರಿಸಿದರೆ ಕೋಣ ಸುಮ್ಮನೆ ಮೆಲುಕು ಹಾಕುತ್ತದೆ, ಅದರದೇನೂ ತಕರಾರಿಲ್ಲ. ಇಲ್ಲಿ ಕೋಣವೇ ವೇದಿಕೆ ಹತ್ತಿ ಕಿನ್ನರಿಯ ಮೇಲೆ ಭಾಷಣ ಮಾಡಿತ್ತು. ಪೆಟ್ಟಿಗೆಗಳು ಬಂದಾಗ ಟೀಚರ್ ಅವುಗಳನ್ನು ಬೀರುವಿಗೆ ತಳ್ಳಿ ಬಾಗಿಲು ಹಾಕಿದ್ದಳು.

"ಈ ಸಲದ ಪ್ರಸ್ತಾವನೆ ಕಳಿಸೋಕೆ ಇವತ್ತೇ ಕೊನೇ ದಿನ," ನಿರ್ದೇಶಕರು ಬೀರು ಬಿಟ್ಟು ಅವಳ ಹತ್ತಿರ ಬಂದರು. "ವಿಷಯ ನಾನು ಯೋಚನೆ ಮಾಡಿಟ್ಟಿದೀನಿ. 'ಕೊಡುಗೆಯಿಂದ ಕಲಿಕೆಗೆ: ಶುಚಿಯಾದ ಬರವಣಿಗೆಯ ಕಡೆಗೆ.' ರಬ್ಬರ್ ಬರೋ ಮೊದಲು ಹೇಗಿತ್ತು, ಬಂದ ಮೇಲೆ ಹೇಗಾಯ್ತು. ಹಳೇ ಗೀಚಿದ ಹಾಳೆ ಒಂದು ಕಡೆ, ಚೊಕ್ಕವಾದ ಹಾಳೆ ಇನ್ನೊಂದು ಕಡೆ. ಕಂಪನಿಯವರಿಗೆ ಮಾತು ಕೊಟ್ಟಾಗಿದೆ."

"ಚೊಕ್ಕವಾದ ಹಾಳೆ ಇಲ್ವಲ್ಲ ಸರ್."

"ಇವತ್ತು ಬರೆಸಿ. ನಿಮ್ಮತ್ತೆಯವರ ಆ ಹಾಳೆ ಇದೆಯಲ್ಲ, ಅದನ್ನೂ. 'ನನ್ನ ಸೊಸೆ ಒಳ್ಳೆಯವಳು' ಅಂತ ನೀಟಾಗಿ ಬರೀಲಿ. ಫೋಟೋದಲ್ಲಿ ಚೆನ್ನಾಗಿ ಬರುತ್ತೆ." ಅವರು ದನಿ ತಗ್ಗಿಸಿದರು. "ಈ ಸಲ ನಿಮ್ಮ ಹೆಸರೂ ಹಾಕೋಣ. ನನ್ನ ಹೆಸರಿನ ಕೆಳಗೆ. ವೇದಿಕೆ ಮೇಲೇ ಕೂತ್ಕೊಳ್ಳಿ. ಇನ್ನೊಂದು ವಿಷಯ, ಈ ಕೋಣೆಯ ಬಾಡಿಗೇನೂ ಕಂಪನಿಯವರೇ ನೋಡ್ಕೊಳ್ಳೋ ಹಾಗಿದೆ. ಅವರು ಕೈ ಬಿಟ್ರೆ ಕೋಣೆ ಇಟ್ಕೊಳ್ಳೋದು ಸಂಸ್ಥೆಗೆ ಕಷ್ಟ. ನಿಮಗೆ ಬಿಡಿಸಿ ಹೇಳ್ಬೇಕಾಗಿಲ್ಲ."

"ನೋಡ್ತೀನಿ ಸರ್," ಎಂದಳು ಟೀಚರ್, ಅಡ್ಡಗೋಡೆಯ ಮೇಲೆ ದೀಪ ಇಟ್ಟ ಹಾಗೆ.

ಅವರು ಹೋದ ಮೇಲೆ ಕುಂಟು ಬೆಂಚಿನ ಮೇಲೆ ಕೂತು ಅವಳು ತುಂಬ ಹೊತ್ತು ಕಿಂಡಿಯ ಕಡೆ ನೋಡಿದಳು. ಹೆಸರಿನ ಆಸೆ ಇರಲಿಲ್ಲವೆಂದರೆ ಸುಳ್ಳು. ಹಿಂದಿನ ವರ್ಷ ಸಮ್ಮೇಳನದ ಪುಸ್ತಿಕೆಯಲ್ಲಿ ತನ್ನ ಹೆಸರನ್ನು ಹಿಂದಿನಿಂದ ಮುಂದಕ್ಕೆ, ಮುಂದಿನಿಂದ ಹಿಂದಕ್ಕೆ ಹುಡುಕಿದ್ದಳು. ಇನ್ನು ಕೋಣೆ. ಕೋಣೆ ಹೋದರೆ ಶಾಲೆ ಎಲ್ಲಿ? ಒಂದು ಹಾಳೆ ತಾನೆ, ಒಂದು ದಿನ ತಾನೆ, ಇವರಿಗೇನು ನಷ್ಟ? ಹೀಗೆ ತನಗೆ ತಾನೇ ಸಮಾಧಾನ ಹೇಳಿಕೊಂಡು, ಕತ್ತರಿ ತಂದು ಮೊದಲ ಪೆಟ್ಟಿಗೆಯ ಅಂಟುಪಟ್ಟಿ ಕತ್ತರಿಸಿದಳು. ಕೋಣೆಯ ತುಂಬ ಅಗ್ಗದ ಮಿಠಾಯಿಯ ವಾಸನೆ ಹರಡಿತು.

ಸಂಜೆ ಒಬ್ಬೊಬ್ಬರೇ ಬಂದರು. ಪಾಳಿಗೆ ಹೋಗುವ ದಾರಿಯಲ್ಲಿ ಸಮವಸ್ತ್ರದಲ್ಲೇ ಬರುವ ವಾಚ್‌ಮನ್. ಮೂಲೆಯಂಗಡಿಯಲ್ಲಿ ಬಟ್ಟೆ ಇಸ್ತ್ರಿ ಮಾಡುವ, ಎಲ್ಲರೂ ಇಸ್ತ್ರಿ ಅಕ್ಕ ಎಂದೇ ಕರೆಯುವ ಹೆಂಗಸು. ಇನ್ನೂ ನಾಲ್ಕಾರು ಮಂದಿ. ಕೊನೆಗೆ ಮೆಟ್ಟಿಲನ್ನು ಬೈಯುತ್ತ ಅತ್ತೆ. ಪ್ರತಿಯೊಬ್ಬರ ಮುಂದೆಯೂ ಒಂದು ಬಿಳಿ ಹಾಳೆ, ಅದರ ಮೇಲೊಂದು ಗುಲಾಬಿ ಬಣ್ಣದ ರಬ್ಬರು.

ವಾಚ್‌ಮನ್ ತನ್ನದನ್ನು ಮೂಸಿ ನೋಡಿದ. "ಮೇಡಂ, ತಿನ್ನೋದಾ ಇದು?"

"ಅಳಿಸೋದು," ಟೀಚರ್ ಯಾರ ಮುಖವನ್ನೂ ನೋಡದೆ ಹೇಳಿದಳು. "ಇವತ್ತೊಂದಿನ ಚೊಕ್ಕವಾಗಿ ಒಂದು ಹಾಳೆ ಬರೀರಿ. ತಪ್ಪಾದ್ರೆ ಅಳಿಸಿ. ಫೋಟೋ ತೆಗೀಬೇಕು, ರಬ್ಬರ್ ಬಂದ ಮೇಲೆ ಏನಾಯ್ತು ಅಂತ ಸಮ್ಮೇಳನದಲ್ಲಿ ತೋರಿಸ್ಬೇಕಂತೆ."

"ಕುರ್ಚಿಗೆ ಬೆನ್ನಿಲ್ಲ, ಬೆಂಚಿಗೆ ಕಾಲಿಲ್ಲ, ರಬ್ಬರಿಗೆ ಮಾತ್ರ ಅತ್ತರು," ಅತ್ತೆ ಗೊಣಗಿದಳು. "ಹೊಟ್ಟೆಗೆ ಹಿಟ್ಟಿಲ್ಲ, ಜುಟ್ಟಿಗೆ ಮಲ್ಲಿಗೆ."

ಎಲ್ಲರೂ ನಕ್ಕರು. ಆಮೇಲೆ ತಲೆ ತಗ್ಗಿಸಿ ಬರೆಯತೊಡಗಿದರು. ಯಾವಾಗಲೂ ಆ ಕೋಣೆಯಲ್ಲಿ ಗುಸುಗುಸು ಇರುತ್ತಿತ್ತು. ಇದಕ್ಕೆ ಕೊಂಬು ಬೇಕಾ, ಅದಕ್ಕೆ ದೀರ್ಘ ಬೇಕಾ ಎಂಬ ಜಗಳವಿರುತ್ತಿತ್ತು. ಇಂದು ಉಜ್ಜುವ ಸದ್ದು ಬಿಟ್ಟರೆ ಬೇರೆ ಸದ್ದಿಲ್ಲ. ಇಸ್ತ್ರಿ ಅಕ್ಕ ಒಂದು ಪದ ಬರೆದಳು, ಉಜ್ಜಿದಳು. ಬರೆದಳು, ಉಜ್ಜಿದಳು. ದಿನವಿಡೀ ಇಸ್ತ್ರಿಪೆಟ್ಟಿಗೆ ತಳ್ಳುವ ಕೈ, ಅದರ ಭಾರ ಎಷ್ಟೆಂದು ಹಾಳೆಗೇನು ಗೊತ್ತು? ಪರ್ ಎಂದು ಹರಿಯಿತು. ಇಸ್ತ್ರಿ ಅಕ್ಕ ತೂತಿನ ಮೇಲೆ ಅಂಗೈ ಮುಚ್ಚಿ, ಬಲಕ್ಕೊಮ್ಮೆ ಎಡಕ್ಕೊಮ್ಮೆ ನೋಡಿದಳು.

ಆ ನೋಟ ಟೀಚರಿಗೆ ಗೊತ್ತಿತ್ತು. ಅದನ್ನು ಈ ಕೋಣೆಯಿಂದ ಓಡಿಸಲು ಅವಳಿಗೆ ಒಂದು ವರ್ಷ ಹಿಡಿದಿತ್ತು. ಇವತ್ತು ತಾನೇ ಕರೆದು ತಂದು ಕೂರಿಸಿದ್ದಳು.

"ಮೇಡಂ," ಅತ್ತೆ ಕೈಯೆತ್ತಿದಳು. ಅವಳ ಹಾಳೆ ಖಾಲಿಯಿತ್ತು, ಪೆನ್ಸಿಲು ಮುಟ್ಟಿರಲಿಲ್ಲ. "ನಾನೇನು ಬರೀಬೇಕು?"

"ನನ್ನ ಸೊಸೆ ಒಳ್ಳೆಯವಳು ಅಂತ."

"ಯಾರು ಹೇಳಿದ್ದು?"

"ಡೈರೆಕ್ಟರ್ ಸರ್."

"ಅವರಿಗೇನು ಗೊತ್ತು ನನ್ನ ಸೊಸೆ ಸಮಾಚಾರ? ಅವರ ಮನೇಲಿ ಬಾಳ್ವೆ ಮಾಡ್ತಾಳಾ ಅವಳು?" ಹಿಂದಿನ ಬೆಂಚಿನವರು ಕಿಸಕ್ಕೆಂದರು. ಅತ್ತೆ ನಗಲಿಲ್ಲ. "ಅವಳು ಒಳ್ಳೆಯವಳು ಅಂತ ನಾನು ಯಾವತ್ತಾದ್ರೂ ಅಂದಿದೀನಾ?"

"ಇಲ್ಲ."

"ಮತ್ತೆ?" ಅತ್ತೆ ರಬ್ಬರನ್ನು ಬೆರಳ ತುದಿಯಿಂದ ಮೇಜಿನ ಅಂಚಿನವರೆಗೂ ತಳ್ಳಿದಳು. ಅದು ಕೆಳಗೆ ಬಿತ್ತು. ತರಗತಿಯಲ್ಲಿ ಎಂದೂ ಆಗದ್ದು ಆಗ ಆಯಿತು, 'ಮೇಡಂ' ಹೋಗಿ ಮನೆಯ ಮಾತು ಬಂತು. "ಏ ಹುಡುಗಿ, ಕೆಟ್ಟವಳು ಅಂತ ಬರೆದವಳೂ ನಾನೇ, ಅದಕ್ಕೆ ಗೆರೆ ಎಳೆದವಳೂ ನಾನೇ. ಆ ಗೆರೆ ಎಳೆಯೋಕೆ ನನಗೆ ಎಷ್ಟು ದಿನ ಬೇಕಾಯ್ತು ನಿನಗೆ ಗೊತ್ತಾ? ಅದನ್ನ ಉಜ್ಜಿ ಹಾಕಿ, ಇವಳು ಹುಟ್ಟಿದಾಗಿಂದ ಹೀಗೇ ಇದ್ಲು ಅಂತ ಫೋಟೋ ತೆಗೆಸ್ಕೊಳ್ಳಲಾ? ನಾನು ಬರೆಯಲ್ಲ. ನೀನು ಬೇಕಾದ್ರೆ ಫೇಲು ಮಾಡು."

ಟೀಚರ್ ಕಿಟಕಿಯ ಕಡೆ ತಿರುಗಿ ನಿಂತಳು. ಮತ್ತೆ ಈ ಕಡೆ ತಿರುಗಿದಾಗ ಕಣ್ಣು ಒದ್ದೆಯಾಗಿತ್ತು, ಗದ್ದ ಮಾತ್ರ ಅತ್ತೆಗೆ ಗುರುತಿದ್ದ ಹಠದಲ್ಲಿ ಮುಂದಕ್ಕೆ ಬಂದಿತ್ತು. ಬಿಚ್ಚಿದ್ದ ರಟ್ಟಿನ ಪೆಟ್ಟಿಗೆ ಹಿಡಿದುಕೊಂಡು ಬೆಂಚಿನಿಂದ ಬೆಂಚಿಗೆ ಹೋದಳು. "ಹಾಕಿ. ಎಲ್ಲಾ ಹಾಕಿ ಇದರೊಳಗೆ."

ಟಪಟಪನೆ ರಬ್ಬರುಗಳು ಬಿದ್ದವು. ಅವಳು ಮೇಜಿನ ಮೇಲೆ ತನ್ನ ಹಳೆಯ ಲ್ಯಾಪ್‌ಟಾಪು ತೆರೆದಳು. ಅತ್ತೆಯ ಹಳೆಯ ಪುಸ್ತಕದ ಆ ಹಾಳೆಯನ್ನು ಬಿಡಿಸಿ ಪಕ್ಕದಲ್ಲಿಟ್ಟುಕೊಂಡಳು.

"ಕೇಳಿ ಎಲ್ಲರೂ. ಸಮ್ಮೇಳನದ ಅರ್ಜಿಯಲ್ಲಿ ಎರಡು ದಾರಿ ಇದೆ. ಸಂಸ್ಥೆಯ ಪರವಾಗಿ ಕಳಿಸಬಹುದು, ಸ್ವಂತವಾಗಿ ಕಳಿಸಬಹುದು. ಹೋದ ವರ್ಷ ನನಗೆ ಧೈರ್ಯ ಸಾಲಲಿಲ್ಲ. ಈಗ ಸ್ವಂತವಾಗಿ ಕಳಿಸ್ತೀನಿ, ಗೆರೆ ಎಳೆದ ಹಾಳೆಗಳ ಸಮೇತ. ಒಪ್ಪುತ್ತಾರೋ ಇಲ್ವೋ ಗೊತ್ತಿಲ್ಲ. ಆದ್ರೆ ಈ ಕೋಣೆ ಕೈ ತಪ್ಪಬಹುದು. ಅದು ನಿಮ್ಮ ಕೋಣೆ, ಅದಕ್ಕೇ ಕೇಳ್ತಿದೀನಿ."

ವಾಚ್‌ಮನ್ ಟೋಪಿ ಸರಿಮಾಡಿಕೊಂಡ. "ದಿನಾ ರಾತ್ರಿ ಊರವರ ಕಟ್ಟಡ ಕಾಯ್ತೀನಿ ಮೇಡಂ. ಒಂದಾದ್ರೂ ನಂದಾ? ಹೋದ್ರೆ ಹೋಗ್ಲಿ, ಕಳಿಸಿ."

"ನಂದೂ ಹಾಕಿ," ಇಸ್ತ್ರಿ ಅಕ್ಕ ಹರಿದ ಹಾಳೆಯನ್ನು ಮುಂದೆ ಚಾಚಿದಳು. "ಈ ತೂತಿನ ಹಾಳೇನೂ ಹಾಕಿ. ರಬ್ಬರ್ ಬಂದ ಮೇಲೆ ಏನಾಯ್ತು ಅಂತ ಕೇಳಿದ್ರಲ್ಲ, ನೋಡ್ಲಿ."

ಈ ಸಲ ಟೀಚರೂ ನಕ್ಕಳು. ಸಂಸ್ಥೆ ಎಂಬ ಚೌಕ ಬಿಟ್ಟು ಸ್ವಂತ ಎಂಬ ಚೌಕದಲ್ಲಿ ಗುರುತು ಹಾಕಿದಳು. ಶೀರ್ಷಿಕೆಯ ಜಾಗದಲ್ಲಿ 'ಅಳಿಸದೆ ಕಲಿಯುವುದು' ಎಂದು ಬರೆದಳು. ಒಂದು ವರ್ಷದಿಂದ ಎದೆಯಲ್ಲಿ ಕುದಿಯುತ್ತಿದ್ದುದಕ್ಕೆ ಮಾತು ಹುಡುಕಬೇಕಾಗಿರಲಿಲ್ಲ, ಬೆರಳಿಗೇ ಬಂತು. ಮಂಡಿಸುವವರು ಎಂಬಲ್ಲಿ ತನ್ನ ಹೆಸರು ಹಾಕಿ, ತಲೆಯೆತ್ತಿದಳು.

"ಇನ್ನೊಬ್ಬರಿಗೆ ಜಾಗ ಇದೆ. ಅತ್ತೆ, ನೀವು ಬರಬೇಕು. ವೇದಿಕೆ ಹತ್ತಬೇಕಾಗುತ್ತೆ."

"ಹತ್ತೋಣ. ಬಸ್ಸು ಹತ್ತಿಲ್ವಾ?" ಅತ್ತೆ ಸೆರಗು ಸರಿಮಾಡಿಕೊಂಡು ಎದ್ದಳು. "ಈ ಸಲ ಬೋರ್ಡು ಓದ್ಕೊಂಡೇ ಹತ್ತುತ್ತೀನಿ."

"ಮನೇಲಿ ನಿಮ್ಮ ಮಗ ಏನಂತಾರೋ."

"ಅವನೇನು ಅನ್ನೋದು? ಅವನನ್ನ ಹೆತ್ತಿದ್ದು ನಾನು, ನನ್ನನ್ನ ಅವನು ಹೆತ್ತಿಲ್ಲ."

ಪರಿಚಯವನ್ನು ಮಂಡಿಸುವವರೇ ಬರೆಯಬೇಕು ಎಂದು ಅರ್ಜಿಯಲ್ಲಿತ್ತು. ಅತ್ತೆ ಲ್ಯಾಪ್‌ಟಾಪಿನ ಮುಂದೆ ಕೂತು, ತೋರುಬೆರಳಿನಿಂದ ಒಂದೊಂದೇ ಅಕ್ಷರ ಹುಡುಕಿ, ಅದು ಓಡಿಹೋದೀತೆಂಬಂತೆ ಥಟ್ಟನೆ ಒತ್ತತೊಡಗಿದಳು. ಎಲ್ಲರೂ ಹಿಂದೆ ನಿಂತು ಉಸಿರು ಬಿಗಿಹಿಡಿದು ನೋಡಿದರು. ಪರದೆಯ ಮೇಲೆ ನಿಧಾನವಾಗಿ ಮೂಡಿತು: ನಾನು ಇವಳ ಅತ್ತೆ.

ಅತ್ತೆ ಅದನ್ನೇ ನೋಡಿದಳು. ತಲೆಯಾಡಿಸಿದಳು. "ಅದಲ್ಲ. ಅಲ್ಲಿಗೆ ಹೋಗೋದು ಅತ್ತೆಯಾಗಿ ಅಲ್ಲ. ವಿದ್ಯಾರ್ಥಿನಿ ಅಂತ ಬರೀಬೇಕು."

"ತಡೀರಿ," ಟೀಚರ್ ಬಗ್ಗಿ ಅಳಿಸುವ ಗುಂಡಿಯ ಮೇಲೆ ಬೆರಳಿಟ್ಟಳು.

ಅತ್ತೆ ಅವಳ ಕೈಗೆ ಫಟಾರನೆ ಏಟು ಕೊಟ್ಟಳು. "ನಿನ್ನ ಕಾನೂನು ನಿನಗೇ ಮರೆತೋಯ್ತಾ?"

"ಇದರಲ್ಲಿ ಗೆರೆ ಎಳೆಯೋಕೆ ಬರಲ್ಲ ಅತ್ತೆ."

"ಬರದಿದ್ರೆ ಬೇಡ. ಎರಡೂ ಇರಲಿ."

ಎರಡೂ ಇದ್ದವು. ನಾನು ಇವಳ ಅತ್ತೆ. ಅಲ್ಲ, ವಿದ್ಯಾರ್ಥಿನಿ. ಅದರ ಕೆಳಗೆ ಇನ್ನೂ ಎರಡು ಸಾಲು ಬರೆದು ಕೊನೆಯ ಗುಂಡಿಯನ್ನೂ ಅತ್ತೆಯೇ ಒತ್ತಿದಳು. ನಿಮ್ಮ ಪ್ರಸ್ತಾವನೆ ತಲುಪಿದೆ ಎಂದು ಪರದೆ ಹೇಳಿದ್ದನ್ನು ವಾಚ್‌ಮನ್ ಬೆರಳಿಟ್ಟು, ತಡವರಿಸುತ್ತ, ಗಟ್ಟಿಯಾಗಿ ಓದಿದ.

ಬಾಗಿಲು ಹಾಕುವ ಹೊತ್ತಿಗೆ ಫೋನು ಬಂತು.

"ಕಳಿಸಿದ್ರಾ ಟೀಚರ್?"

"ಕಳಿಸಿದೆ ಸರ್."

"ಸದ್ಯ. ನನ್ನ ಹೆಸರು ಮೊದಲು ಇದೆ ತಾನೆ?"

"ನಿಮ್ಮ ಹೆಸರು ಇಲ್ಲ ಸರ್. ಇದು ನಮ್ಮದು."

"ಕೋಣೆ ಕೀ ನಾಳೆ ಬೆಳಗ್ಗೆ ನನ್ನ ಟೇಬಲ್ ಮೇಲಿರ್ಬೇಕು."

"ಇರುತ್ತೆ ಸರ್. ರಬ್ಬರೂ ಇರುತ್ತೆ."

ಅವಳು ಫೋನನ್ನು ಚೀಲಕ್ಕೆ ಹಾಕಿದಳು. ಅತ್ತೆ ಆ ಚೀಲವನ್ನು ತಾನು ಹೊತ್ತುಕೊಂಡಳು.

ಮರುದಿನ ಸಂಜೆ ಬಾಗಿಲಿಗೆ ಹೊಸ ಬೀಗ ಬಿದ್ದಿತ್ತು. ಕುಂಟು ಬೆಂಚೊಂದನ್ನು ಮಾತ್ರ ಯಾರೋ, ಯಾಕೆ ಬೇಕು ಇದು ಎಂದು, ಹೊರಗಿನ ಜಗಲಿಗೆ ಎಸೆದಿದ್ದರು. ಗಾಜಿನ ಕಿಂಡಿಯ ಆಚೆ ಖಾಲಿ ಕೋಣೆ ಕಾಣುತ್ತಿತ್ತು. ಹಿಂದೆ ಪ್ರಯಾಣಿಕರು ಸಾಲು ನಿಲ್ಲುತ್ತಿದ್ದ ಜಾಗದಲ್ಲಿ, ಮಾಡಿನ ಕೆಳಗೆ, ಎಲ್ಲರೂ ಬಂದು ನಿಂತರು. ಒಬ್ಬರೂ ತಪ್ಪಿಸಿಕೊಂಡಿರಲಿಲ್ಲ. ಇಸ್ತ್ರಿ ಅಕ್ಕ ಅಂಗಡಿಯಿಂದ ಹಳೆಯ ಹಾಸುಬಟ್ಟೆ ತಂದು ನೆಲಕ್ಕೆ ಹಾಸಿದಳು. ಟಿಕೆಟ್ ತೆಗೆದುಕೊಳ್ಳುವವರು ಕೈಯೂರುತ್ತಿದ್ದ ಕಲ್ಲಿನ ಕಟ್ಟೆಯ ಮೇಲೆ ಟೀಚರ್ ಬಳಪದಲ್ಲಿ ಅಂದಿನ ಪಾಠ ಬರೆದಳು.

ಮಂಡಿನೋವಿನ ಅತ್ತೆಗೆ ಬೆಂಚೇ ಆಗಬೇಕು. ಅವಳು ಕೂತು ಪುಸ್ತಕ ತೆರೆದು ಪೆನ್ಸಿಲು ಊರಿದಳು. ಬೆಂಚು ಕುಂಟಿತು. ಅಕ್ಷರ ಸೊಟ್ಟಗಾಯಿತು. ಅತ್ತೆ ಅದರ ಮೇಲೆ ಒಂದು ಗೆರೆ ಎಳೆದು ಬೆಂಚಿಗೆ ಒಂದು ಬೈಗುಳ ಕೊಟ್ಟಳು.

ವಾಚ್‌ಮನ್ ಅತ್ತಿತ್ತ ನೋಡಿ, ಸಮವಸ್ತ್ರದ ಜೇಬಿನಿಂದ ಗುಲಾಬಿ ಬಣ್ಣದ ರಬ್ಬರೊಂದನ್ನು ತೆಗೆದ. "ನಿನ್ನೆ ಒಂದು ಇಟ್ಕೊಂಡಿದ್ದೆ ಮೇಡಂ. ವಾಸನೆ ಚೆನ್ನಾಗಿತ್ತು ಅಂತ." ಬಗ್ಗಿ ಅದನ್ನು ಬೆಂಚಿನ ಗಿಡ್ಡ ಕಾಲಿನ ಕೆಳಗೆ ತೂರಿಸಿ, ಅಂಗೈಯಿಂದ ಎರಡು ಸಲ ಗುದ್ದಿದ.

ಅತ್ತೆ ಮೈಭಾರವನ್ನೆಲ್ಲ ಒಂದು ಬದಿಗೆ ಹಾಕಿ ನೋಡಿದಳು, ಇನ್ನೊಂದು ಬದಿಗೆ ಹಾಕಿ ನೋಡಿದಳು. ಬೆಂಚು ಅಲುಗಲಿಲ್ಲ.

"ಹೂಂ," ಎಂದಳು ಅತ್ತೆ. "ಮುಂದಿನದು ಹೇಳಿ ಮೇಡಂ."